ಎರ್ರಮ್ಮನ ಅಡಿಗೆಮನೆಯ ಹಸಿರು ದೀಪ

ರಾಮಾಂಜಿಯ ಆ ದಿನದ ಫಜೀತಿಗೆಲ್ಲ ಕಾರಣ ಶಿವಯೋಗಪ್ಪನವರು ಹಿಂದಿನ ಸಂಜೆ ಟೀ ಕುಡಿಯುತ್ತ ಆಡಿದ ಒಂದು ಮಾತು.

"ಎರ್ರಮ್ಮನ ಮನೆ ರೀಡಿಂಗ್ ನೋಡ್ಕೊಂಡು ನಿನ್ನ ಕಲ್ಯಾಣದುರ್ಗದ ವಿಷಯ ತೀರ್ಮಾನ ಮಾಡ್ತೀನಿ ಕಣಯ್ಯ" ಎಂದು ಹೇಳಿ, ಲೋಟ ಮೇಜಿನ ಮೇಲಿಟ್ಟು, ಸ್ಕೂಟರ್ ಹತ್ತಿ ಅವರು ಹೊರಟುಹೋದರು. ಅವರು ನೆಮ್ಮದಿಯಾಗಿ ಮನೆಗೆ ಹೋಗಿ ಮಲಗಿರಬೇಕು. ರಾಮಾಂಜಿಗೆ ಮಾತ್ರ ನಿದ್ದೆ ಬರಲಿಲ್ಲ.

ಶಿವಯೋಗಪ್ಪ ಹಿಂದೂಪುರದಲ್ಲಿ ಹೊಗೆಯಿಲ್ಲದ ಒಲೆಗಳನ್ನು ಮನೆಮನೆಗೆ ಹಾಕಿಸಿಕೊಡುವ ಒಂದು ಸಂಸ್ಥೆಯ ಅಧಿಕಾರಿ. ರಾಮಾಂಜಿ ಅವರ ಕೈಕೆಳಗಿನ ಫೀಲ್ಡ್ ಅಸಿಸ್ಟೆಂಟ್, ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಒಲೆ ಹಾಕಿಸುವ ಮುಂಚೆ ಒಂದು ಸಲ, ಹಾಕಿಸಿದ ಮೇಲೆ ಇನ್ನೊಂದು ಸಲ ಅಡಿಗೆಮನೆಯಲ್ಲಿ ಸೆನ್ಸರ್ ಪೆಟ್ಟಿಗೆ ಇಟ್ಟು ಗಾಳಿಯಲ್ಲಿರುವ ಹೊಗೆಯನ್ನು ಅಳೆಯುವುದು ಅವನ ಕೆಲಸ. ನೇಕಾರರ ಬೀದಿಯ ಎರ್ರಮ್ಮನ ಮನೆ ಅವನ ಪಟ್ಟಿಯಲ್ಲಿ ಉಳಿದಿದ್ದ ಕಡೆಯ ಮನೆ. ಅಷ್ಟರಲ್ಲಿ ಸಂಸ್ಥೆ ಕಲ್ಯಾಣದುರ್ಗದಲ್ಲೊಂದು ಹೊಸ ಆಫೀಸು ತೆರೆದಿತ್ತು. ಅಲ್ಲಿಗೆ ಒಬ್ಬರು ಹೋಗಬೇಕಿತ್ತು.

ಕಲ್ಯಾಣದುರ್ಗ ಕೆಟ್ಟ ಊರೇನಲ್ಲ. ಅಲ್ಲಿ ರಾಮಾಂಜಿಯ ಮಾವ ಈರಲಿಂಗಪ್ಪನವರಿದ್ದರು, ಅದೊಂದೇ ತೊಂದರೆ. ಈರಲಿಂಗಪ್ಪ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿದ್ದರು. ಅವರ ಗಂಟಲಿಗೆ ಇನ್ನೂ ನಿವೃತ್ತಿಯಾಗಿರಲಿಲ್ಲ. ಕೋಳಿಗಿಂತ ಮುಂಚೆ ಏಳುತ್ತಿದ್ದರು, ಎದ್ದ ಮೇಲೆ ಬೇರೆಯವರು ಮಲಗಿರುವುದನ್ನು ಸಹಿಸುತ್ತಿರಲಿಲ್ಲ. ಯುಗಾದಿಗೆ ಹೋದಾಗ ಬೀದಿಯವರನ್ನೆಲ್ಲ ಜಗಲಿಗೆ ಸೇರಿಸಿ, "ಅಳಿಯಂದಿರೇ, ಹೊಗೆ ಅಳೆಯಾಕೂ ಸಂಬಳ ಕೊಡ್ತಾರಾ? ಸೇರಲ್ಲಿ ಅಳೀತೀರೋ, ಮೊಳದಲ್ಲೋ?" ಎಂದು ಕೇಳಿದ್ದರು. ಹೆಂಡತಿ ವರಲಕ್ಷ್ಮಿಗೆ ಹಿಂದೂಪುರದ ಶಾಲೆಯೊಂದರಲ್ಲಿ ಆಗತಾನೆ ಟೀಚರ್ ಕೆಲಸ ಸಿಕ್ಕಿತ್ತು. ಹೋಗುವುದಾದರೆ ರಾಮಾಂಜಿ ಒಬ್ಬನೇ ಹೋಗಬೇಕು. ಮಾವನ ಮನೆ ಇರುವ ಊರಲ್ಲಿ ಅಳಿಯ ಬಾಡಿಗೆ ರೂಮು ಹಿಡಿದರೆ ಮಾವನ ಮಾನ ಹೋಗುತ್ತದಾದ್ದರಿಂದ ಅಲ್ಲೇ ಇರಬೇಕು, ಅಲ್ಲೇ ಉಣ್ಣಬೇಕು, ಅಲ್ಲೇ ಏಳಬೇಕು.

"ಸಾರ್ ಮಾತಿಗೆ ಏನರ್ಥ ಅಂತೀಯ?" ಎಂದು ಅವನು ರಾತ್ರಿ ಹೊರಳಾಡುತ್ತ ಕೇಳಿದ್ದ.

"ಅದ್ರಾಗೇನೈತೆ? ರೀಡಿಂಗ್ ಚೆನ್ನಾಗಿ ಬಂದ್ರೆ ಇಲ್ಲೇ ಇಟ್ಕೊಂತಾರೆ. ಕೆಟ್ಟೋದ್ರೆ ನಮ್ಮಪ್ಪನ ಹತ್ರ ಕಳಿಸ್ತಾರೆ."

"ಅಂದ್ರೆ ನಿಮ್ಮಪ್ಪನ ಮನೆ ಶಿಕ್ಷೆ ಅಂತ ನೀನೇ ಒಪ್ಕೊಂಡಂಗಾಯ್ತು."

"ನಾನೆಲ್ಲಿ ಹಂಗಂದೆ? ಸುಮ್ನೆ ಮಲಗ್ರೀ" ಎಂದು ವರಲಕ್ಷ್ಮಿ ಗೋಡೆಯ ಕಡೆ ತಿರುಗಿದಳು. ನಗು ಬಂದದ್ದಕ್ಕೆ ತಿರುಗಿದಳೆಂದು ಅವನಿಗೆ ಗುಮಾನಿ.

ಬೆಳಗಾಗುತ್ತಲೇ ರಾಮಾಂಜಿ ಪೆಟ್ಟಿಗೆಯನ್ನು ಕೂಸಿನಂತೆ ಎದೆಗವಚಿಕೊಂಡು ನೇಕಾರರ ಬೀದಿಗೆ ಬಂದ. ಪೆಟ್ಟಿಗೆ ಊಟದ ಡಬ್ಬಿಯಷ್ಟು ದೊಡ್ಡದು. ಒಳಗೊಂದು ಪುಟ್ಟ ಫ್ಯಾನು ಅಡಿಗೆಮನೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿ ಒಂದು ಸಣ್ಣ ಬೆಳಕಿನ ಗೆರೆಯನ್ನು ದಾಟಿ ಹೋಗುತ್ತದೆ. ಗಾಳಿಯಲ್ಲಿ ಹೊಗೆಯ ಕಣಗಳಿದ್ದರೆ ಬೆಳಕು ಚದುರುತ್ತದೆ. ಚದುರಿದ್ದನ್ನು ಪಕ್ಕದಲ್ಲಿರುವ ಸೆನ್ಸರ್ ಹಿಡಿದು ಅಂಕಿಯಾಗಿ ಬರೆದಿಡುತ್ತದೆ. ಓದಲು ಬಾರದವರಿಗೂ ತಿಳಿಯಲೆಂದು ಮೇಲೊಂದು ದೀಪ: ಗಾಳಿ ಚೆನ್ನಾಗಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ಒಲೆಯ ಪಕ್ಕದ ಗೋಡೆಗೆ, ಕೂತು ಅಡಿಗೆ ಮಾಡುವ ಹೆಂಗಸಿನ ಮೂಗಿನ ಮಟ್ಟಕ್ಕೆ ಅದನ್ನು ತೂಗುಹಾಕಬೇಕು.

ನಿಯಮಗಳೂ ಸರಳವೇ. ಒಂದು ಹೊತ್ತಿನ ಅಡಿಗೆಯನ್ನು, ಒಲೆ ಹೊತ್ತಿಸುವ ಮುಂಚಿನಿಂದ ಆರಿಸುವವರೆಗೆ, ಪೆಟ್ಟಿಗೆ ಪೂರ್ತಿಯಾಗಿ ಬರೆಯಬೇಕು. ಮನೆಯವರು ದಿನಾ ಮಾಡುವಂತೆಯೇ ಅಡಿಗೆ ಮಾಡಬೇಕು. ಯಾರಾದರೂ ನೋಡುತ್ತಿದ್ದರೆ ಜನ ದಿನಾ ಮಾಡುವಂತೆ ಮಾಡುವುದಿಲ್ಲವಾದ್ದರಿಂದ ಅಸಿಸ್ಟೆಂಟ್ ಅಡಿಗೆಮನೆಯಲ್ಲಿ ಕೂರಬಾರದು. ದೀಪ ಹಚ್ಚುವ ಹೊತ್ತಿಗೆ ಶಿವಯೋಗಪ್ಪ ಬಂದು ಪೆಟ್ಟಿಗೆ ತೆಗೆದುಕೊಂಡು ಹೋಗುವವರಿದ್ದರು. ಅಷ್ಟರೊಳಗೆ ಮೂರು ಹೊತ್ತಿನಲ್ಲಿ ಯಾವುದಾದರೂ ಒಂದು ಹೊತ್ತು ಸರಿಯಾಗಿ ಬಂದರೆ ಸಾಕು.

ಎರ್ರಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಅರವತ್ತು ದಾಟಿದ, ಒಣಗಿದ ಬಾರೆಹಣ್ಣಿನಂಥ ಮುಖದ ಮುದುಕಿ. ಕೆಮ್ಮದೆ ಒಂದು ಮಾತು ಮುಗಿಸಿದವಳಲ್ಲ. ಅಂಗಳಕ್ಕೆ ನೀರು ಹಾಕಿ, ಬಣ್ಣದ ರಂಗೋಲಿ ಬಿಟ್ಟಿದ್ದಳು.

"ಬಾರಪ್ಪ ಹೊಗೆ ಸಾರು. ಮಿಷಿನ್ನು ಬಂತಾ?" ಎಂದಳು.

ಒಳಗೆ ಅವಳ ಗಂಡ ಶ್ರೀರಾಮುಲು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ. ಮಗ್ಗಕ್ಕೆ ಕೂತ ಮೇಲೆ ಮನೆ ಬಿದ್ದರೂ ಏಳದ ಮನುಷ್ಯ. ಲಾಳಿ ಒಗೆಯುತ್ತಲೇ ತಲೆಯಾಡಿಸಿದ.

ರಾಮಾಂಜಿ ಪೆಟ್ಟಿಗೆ ತೂಗುಹಾಕಿ ಸ್ವಿಚ್ ಒತ್ತಿದ. ಹಸಿರು ದೀಪ ಹತ್ತಿತು. "ಅಜ್ಜಿ, ನೀನು ದಿನಾ ಹೆಂಗೆ ಮಾಡ್ತೀಯೋ ಹಂಗೇ ಮಾಡು" ಎಂದು ಹೇಳಿ ಹೊರಗೆ ಬಂದು ಜಗಲಿಯ ಮೇಲೆ ಕೂತ. ಕೂತವನು ಎದ್ದ. ಎದ್ದವನು ಬೀದಿಯ ತುದಿಯವರೆಗೆ ನಡೆದ, ಅಷ್ಟೇ ಬೇಗ ವಾಪಸ್ಸು ಬಂದ. ಕಿಟಕಿಯಲ್ಲಿ ಇಣುಕಬಾರದೆಂದು ಕಿಟಕಿಗೆ ಬೆನ್ನು ಮಾಡಿ ನಿಂತ. ಬೆನ್ನಿಗೆ ಗಂಟೆಯ ಸದ್ದು ಕೇಳಿಸಿತು.

ಒಳಗೆ ಓಡಿ ನೋಡಿದರೆ ಪೆಟ್ಟಿಗೆಯ ಹಣೆಗೆ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ. ಎದುರಿಗೆ ಒಡೆದ ತೆಂಗಿನಕಾಯಿ, ಕಟ್ಟುಗಟ್ಟಲೆ ಊದುಬತ್ತಿ, ಒಂದು ತಟ್ಟೆ ತುಂಬ ಸಾಂಬ್ರಾಣಿ ಹೊಗೆ. ಎರ್ರಮ್ಮ ಕಣ್ಣು ಮುಚ್ಚಿಕೊಂಡು ಕರ್ಪೂರದಾರತಿ ಎತ್ತುತ್ತಿದ್ದಳು. ಪೆಟ್ಟಿಗೆಯ ಫ್ಯಾನು ಅಷ್ಟನ್ನೂ ಭಕ್ತಿಯಿಂದ ಒಳಗೆಳೆದುಕೊಳ್ಳುತ್ತಿತ್ತು. ದೀಪ ಕೆಂಪಗೆ ಉರಿಯುತ್ತಿತ್ತು.

"ಅಜ್ಜೀ! ಇದೇನು ಮಾಡ್ಬುಟ್ಟೆ!"

"ಪೂಜೆ ಕಣಪ್ಪ. ಹೋದ ಸಲ ಮರ್ತಿದ್ದೆ. ಹೊಸ ಮಗ್ಗ ಇಕ್ಕಿದಾಗ ಮಾಡಿವಿ, ಸೈಕಲ್ ತಂದಾಗ ಮಾಡಿವಿ. ಇದೇನು ಪಾಪ ಮಾಡೈತೆ? ನೋಡು, ದ್ಯಾವ್ರೂ ಕೆಂಪಗೆ ಕಣ್ಬುಟ್ಟವ್ನೆ" ಎಂದು ಅವಳು ದೀಪಕ್ಕೆ ಕೈಮುಗಿದಳು.

ಊದುಬತ್ತಿಯ ಹೊಗೆ ಬೇರೆ, ಸೌದೆಯ ಹೊಗೆ ಬೇರೆ ಎಂಬ ಭೇದ ಸೆನ್ಸರಿಗಿಲ್ಲ. ಅದಕ್ಕೆ ಕಣವೆಂದರೆ ಕಣ. ರಾಮಾಂಜಿ ಇದನ್ನು ವಿವರಿಸಲು ಬಾಯಿ ತೆರೆದು, ಸಾಂಬ್ರಾಣಿ ನುಂಗಿ, ಕೆಮ್ಮಿದ. ಹೋಗಲಿ, ಅಡಿಗೆಯಾದರೂ ಆಗಿದೆಯೇ ಎಂದು ಒಲೆಯ ಕಡೆ ನೋಡಿದ.

ಒಂದು ತಿಂಗಳ ಹಿಂದೆ ಹಾಕಿಸಿದ ಒಲೆ ಮದುವೆ ಹೆಣ್ಣಿನ ಹಾಗೆ ಕೂತಿತ್ತು. ಮೈತುಂಬ ಸುಣ್ಣ, ಅಂಚಿಗೆ ಕೆಮ್ಮಣ್ಣು, ಬಾಯಿಯ ಸುತ್ತ ಬಳ್ಳಿಯ ರಂಗೋಲಿ. ಒಂದು ಚೂರು ಮಸಿ ಇಲ್ಲ, ಒಂದು ಚಿಟಿಕೆ ಬೂದಿ ಇಲ್ಲ. ಒಳಗೆ ಈರುಳ್ಳಿ ಇಟ್ಟಿದ್ದಳು.

"ಅಜ್ಜಿ, ಈ ಒಲೆ ಹೊತ್ತಿಸೇ ಇಲ್ವಾ?"

"ಎಂಥ ಚೆಂದದ ಒಲೆ ಕಣಪ್ಪ! ಬೆಂಕಿ ಇಕ್ಕಿದ್ರೆ ಕಪ್ಪಾಗ್ಬುಡ್ತದೆ. ಮನಸೇ ಬರ್ಲಿಲ್ಲ. ಹಿತ್ಲಾಗೆ ಮೂರು ಕಲ್ಲು ಇಟ್ಕೊಂಡಿವ್ನಿ, ಮಳೆ ಬಂದ್ರೆ ಕೊಂಡಮ್ಮನ ಮನ್ಯಾಗೆ ಬೇಯಿಸ್ಕೊಂತೀನಿ. ಇವತ್ತು ನಿನ್ ಮಿಷಿನ್ನಿಗೆ ತೊಂದ್ರೆ ಆಗ್ಬಾರ್ದು ಅಂತ ಉಪ್ಪಿಟ್ಟೂ ಅಲ್ಲೇ ಮಾಡಿಸ್ಬುಟ್ಟೆ. ತಿಂತೀಯಾ?"

ರಾಮಾಂಜಿ ಉಪ್ಪಿಟ್ಟು ತಿಂದ. ಏನಾದರೂ ಅಗಿಯದಿದ್ದರೆ ಅಳು ಬರುವಂತಿತ್ತು.

ಮಧ್ಯಾಹ್ನಕ್ಕೆ ಹೊಸ ಒಲೆಯಲ್ಲೇ ಅಡಿಗೆ ಆಗಲೇಬೇಕೆಂದು ಅವನು ಹಟ ಹಿಡಿದ. ಎರ್ರಮ್ಮ ಈರುಳ್ಳಿ ತೆಗೆದಳು. ರಂಗೋಲಿಯನ್ನು ಒಂದು ಸಲ ಸವರಿದಳು. ಮಗಳನ್ನು ಗಂಡನ ಮನೆಗೆ ಕಳಿಸುವವಳಂತೆ ಮೂಗೊರೆಸಿಕೊಂಡು ಬೆಂಕಿಪೊಟ್ಟಣ ಕೈಗೆತ್ತಿಕೊಂಡಳು. ರಾಮಾಂಜಿ ಹಳೆಯ ಅಂಕಿಗಳನ್ನು ಅಳಿಸಿ, ಪೆಟ್ಟಿಗೆಯನ್ನು ಹೊಸದಾಗಿ ಶುರುಮಾಡಿ, ಹೊರಗೆ ಬಂದು ನಿಂತ.

ಸ್ವಲ್ಪ ಹೊತ್ತಿಗೆ ಕಿಟಕಿ, ಬಾಗಿಲು, ಹೆಂಚಿನ ಸಂದುಗಳಿಂದೆಲ್ಲ ಹೊಗೆ ಹೊರಬರತೊಡಗಿತು. ಮೇಲಿನ ಹೊಗೆಕೊಳವೆಯೊಂದನ್ನು ಬಿಟ್ಟು ಮನೆಯ ಎಲ್ಲ ತೂತುಗಳಿಂದಲೂ ಬರುತ್ತಿತ್ತು. ಹಿಂದೆಯೇ ಎರ್ರಮ್ಮ ಕೆಮ್ಮುತ್ತ ಬಂದಳು. ಅವಳ ಹಿಂದೆ ಬೆಕ್ಕು ಬಂತು. ಶ್ರೀರಾಮುಲು ಮಾತ್ರ ಬರಲಿಲ್ಲ. ಹೊಗೆಯೊಳಗಿಂದ ಮಗ್ಗದ ಸದ್ದು ಟಕಟಕ ಕೇಳುತ್ತಲೇ ಇತ್ತು.

ಬೀದಿ ಕೂಡಿತು. ಮೂಲೆಯ ಟೀ ಅಂಗಡಿಯ ದಾಸಣ್ಣ ಪೇಪರ್ ಮಡಚಿಕೊಂಡು ಬಂದ. ಪಕ್ಕದ ಮನೆಯ ಕೊಂಡಮ್ಮ ಹಿಟ್ಟಿನ ಕೈಯಲ್ಲೇ ಬಂದಳು.

"ಹೊಗೆ ಇಲ್ಲದ ಒಲೆ ಅಂದ್ರಲ್ಲಯ್ಯಾ?" ಎಂದ ದಾಸಣ್ಣ. "ಹೊಗೆ ಇದ್ದ ಒಲೆನೇ ವಾಸಿ ಇತ್ತು ಅಲ್ವಾ?"

ರಾಮಾಂಜಿ ತಲೆಯೆತ್ತಿ ನೋಡಿದ. ಛಾವಣಿಯ ಮೇಲೆ ಒಲೆಯ ಕೊಳವೆಗೆ ಒಂದು ಮಡಕೆ ಬೋರಲು ಹಾಕಿತ್ತು.

"ಯಾರು ಆ ಮಡಕೆ ಇಕ್ಕಿದ್ದು?" ಎಂದು ಕೂಗಿದ.

"ನಾನೇ" ಎಂದಿತು ಹೊಗೆಯೊಳಗಿನ ದನಿ. "ಮ್ಯಾಲೆ ರೇಷ್ಮೆ ನೂಲು ಒಣಗಾಕಿವ್ನಿ. ಮಸಿ ಬಿದ್ರೆ ಸೀರೆ ಕೆಟ್ಟೋಯ್ತದೆ. ಮಡಕೆ ಮುಟ್ಟೀಯಾ ಹುಷಾರು."

ಕೊನೆಗೆ, ಮೊದಲು ನೂಲು ಇಳಿಸಿ ಆಮೇಲೆ ಮಡಕೆ ತೆಗೆಯುವುದೆಂದು ಒಪ್ಪಂದವಾಯಿತು. ಮಗ್ಗದವನು ಏಳುವುದಿಲ್ಲವಾದ್ದರಿಂದ ಎರಡನ್ನೂ ರಾಮಾಂಜಿಯೇ ಮಾಡಬೇಕಾಯಿತು. ದಾಸಣ್ಣ ಏಣಿ ಕೊಟ್ಟ. ಕೊಟ್ಟು, ಹಿಡಿದುಕೊಳ್ಳುವ ಬದಲು ಪಕ್ಕದಲ್ಲಿ ನಿಂತು ಎಲ್ಲಿ ಕಾಲಿಡಬೇಕೆಂದು ಪಾಠ ಹೇಳಿದ. ರಾಮಾಂಜಿ ಕೆಂಪು ನೂಲಿನ ಲಡಿಗಳನ್ನು ಕೊರಳಿಗೆ ಹಾಕಿಕೊಂಡು, ಸನ್ಮಾನ ಮಾಡಿಸಿಕೊಂಡ ಗ್ರಾಮಪಂಚಾಯ್ತಿ ಸದಸ್ಯನ ಹಾಗೆ ಛಾವಣಿಯ ಮೇಲೆ ಎದ್ದುನಿಂತು, ಬಗ್ಗಿ ಮಡಕೆ ಎತ್ತಿದ. ಅಷ್ಟು ಹೊತ್ತು ಒಳಗೆ ಕಟ್ಟಿಕೊಂಡಿದ್ದ ಹೊಗೆಯೆಲ್ಲ ಒಂದೇ ಉಸಿರಿಗೆ ಅವನ ಮುಖಕ್ಕೆ ನುಗ್ಗಿತು. ಇಳಿಯುವಾಗ ಏಣಿಯ ಕಡೆಯ ಮೆಟ್ಟಿಲು ಇಲ್ಲವೆಂಬ ವಿಷಯವನ್ನು ದಾಸಣ್ಣ ಸ್ವಲ್ಪ ತಡವಾಗಿ ಹೇಳಿದ.

ಏಟೇನೂ ಆಗಲಿಲ್ಲ. ಆದರೆ ಕಪ್ಪು ಮುಖದ ಅವನು ಕೆಂಪು ನೂಲಿನಲ್ಲಿ ಸುತ್ತಿಕೊಂಡು ಬಿದ್ದಿದ್ದನ್ನು ನೋಡಿ ಕೊಂಡಮ್ಮನ ಕರುಳು ಚುರಕ್ಕೆಂದಿತು.

"ಅಯ್ಯಯ್ಯೋ, ಹುಡುಗನ ಮ್ಯಾಗೆ ಯಾರ ಕಣ್ಣು ಬಿತ್ತೋ! ಬೆಳಗ್ಗಿಂದ ಒಂದೂ ಸಾಗಾಕಿಲ್ಲ. ದಿಷ್ಟಿ ತೆಗೀಬೇಕು ಕಣಕ್ಕಾ ಇವ್ನಿಗೆ."

"ಬ್ಯಾಡಮ್ಮ" ಎಂದ ರಾಮಾಂಜಿ. "ನಂಗೆ ಅದ್ರ ಮೇಲೆ ನಂಬಿಕೆ ಇಲ್ಲ."

"ನಿಂಗೆ ಇಲ್ದಿದ್ರೆ ಬುಡು, ದಿಷ್ಟಿಗೆ ಐತಲ್ಲ."

ಅವನು ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಾಗ ಇಬ್ಬರು ಹೆಂಗಸರೂ ಸೇರಿ ಅವನನ್ನು ಹಿಂದಿನಿಂದಲೇ ನಿವಾಳಿಸಿದರು. ಕಣ್ಣಲ್ಲಿ ಸೋಪು ಇದ್ದುದರಿಂದ ಅವನಿಗೆ ಗೊತ್ತಾಗಲಿಲ್ಲ. ಒಲೆ ಆಗತಾನೆ ಹೊಗೆಯನ್ನು ಸರಿಯಾಗಿ ಮೇಲಕ್ಕೆಳೆಯತೊಡಗಿತ್ತು, ಪೆಟ್ಟಿಗೆಯ ದೀಪ ಮೆಲ್ಲಗೆ ಹಸಿರಿಗೆ ತಿರುಗುತ್ತಿತ್ತು. ಆಗ ಕೊಂಡಮ್ಮ ಒಂದು ಹಿಡಿ ಒಣಮೆಣಸಿನಕಾಯಿ, ಉಪ್ಪು, ಕೂದಲನ್ನು ಕೆಂಡದ ತಟ್ಟೆಗೆ ಹಾಕಿ, ಗಾಳಿಗೆ ಆರಬಾರದೆಂದು ಅದನ್ನು ಪೆಟ್ಟಿಗೆಯ ಕೆಳಗೇ ಇಟ್ಟಳು.

ಬೀದಿಯೆಲ್ಲ ಕೆಮ್ಮಿತು. ಈ ಸಲ ಶ್ರೀರಾಮುಲು ಕೂಡ ಮಗ್ಗ ಬಿಟ್ಟು ಎದ್ದು ಬಂದ.

"ಎಲ್ರೂ ಕೆಮ್ಮಿದ್ರು, ದಿಷ್ಟಿ ಹೋಯ್ತು" ಎಂದಳು ಕೊಂಡಮ್ಮ ಸಮಾಧಾನದಿಂದ.

ಪೆಟ್ಟಿಗೆ ಕೆಂಪು ದೀಪದ ಜೊತೆಗೆ ಕೀ ಕೀ ಎಂದು ಕೂಗಲೂ ತೊಡಗಿತು. ಅದಕ್ಕೆ ಕೂಗಲು ಬರುತ್ತದೆಂದು ರಾಮಾಂಜಿಗೂ ಅಂದೇ ಗೊತ್ತಾದದ್ದು.

ಎರಡು ಹೊತ್ತು ಹೋಯಿತು. ಅವನು ಎರ್ರಮ್ಮನ ಮನೆಯೆದುರು ಅತ್ತಿಂದಿತ್ತ ನಡೆಯತೊಡಗಿದ. ಇತ್ತ ಬಂದಾಗ ಸಂಜೆ ಇನ್ನೂ ದೂರವಿದೆ ಅನ್ನಿಸುತ್ತಿತ್ತು, ಅತ್ತ ಹೋದಾಗ ಈಗಲೇ ಆಗಿಹೋಯಿತು ಅನ್ನಿಸುತ್ತಿತ್ತು. ದಾಸಣ್ಣನ ಅಂಗಡಿಯಲ್ಲಿ ಟೀ ತೆಗೆದುಕೊಂಡು ಕುಡಿಯದೆ ಬಿಟ್ಟು, ಮತ್ತೆ ಹೋಗಿ ಇನ್ನೊಂದು ತೆಗೆದುಕೊಂಡ.

"ಅಲ್ಲ ಸಾಮೀ, ಹೊಗೆ ಅಳೆದು ಏನು ಮಾಡ್ತೀರಿ?" ಎಂದು ದಾಸಣ್ಣ ಕೇಳಿದ.

"ಹೆಸರು ಬರ್ಕೊಂಡು ಆಫೀಸಿಗೆ ಕಳಿಸ್ತೀವಿ" ಎಂದು ರಾಮಾಂಜಿ ಗಮನವಿಲ್ಲದೆ ಹೇಳಿಬಿಟ್ಟ.

ಆಫೀಸು, ಹೆಸರು, ಹೊಗೆ. ದಾಸಣ್ಣನ ತಲೆಗೆ ಇಷ್ಟು ಸಾಕಾಯಿತು. ಬಡವರ ಮನೆ ಹೆಂಗಸರಿಗೆ ಸರ್ಕಾರ ಗ್ಯಾಸು ಕೊಡುತ್ತಿದ್ದ ಕಾಲ ಅದು. ಯಾರಿಗೆ ಬಂತು, ಯಾರಿಗೆ ತಪ್ಪಿತು ಎಂಬುದೇ ಬೀದಿಯ ಮಾತು. ಹೆಚ್ಚು ಹೊಗೆ ಇರುವ ಮನೆಗೇ ಮೊದಲು ಸಿಲಿಂಡರ್ ಎಂದು ದಾಸಣ್ಣ ಲೆಕ್ಕ ಹಾಕಿ, ನಾಲ್ಕು ಜನರಿಗೆ ಗುಟ್ಟಾಗಿ ಹೇಳಿದ. ಗುಟ್ಟಾದ್ದರಿಂದ ಬೇಗ ಹರಡಿತು.

ರಾಮಾಂಜಿ ವಾಪಸ್ಸು ಬಂದಾಗ ಎರ್ರಮ್ಮನ ಮನೆ ಮುಂದೆ ಸಾಲು ನಿಂತಿತ್ತು. ಎಲ್ಲರೂ ತಮ್ಮತಮ್ಮ ಮನೆಯ ಹೊಗೆಯನ್ನು ಹೊತ್ತು ತಂದಿದ್ದರು. ಒಬ್ಬಳ ಕೈಯಲ್ಲಿ ಬೆರಣಿ ಹೊಗೆಯಾಡುವ ಬಾಂಡಲಿ, ಇನ್ನೊಬ್ಬಳ ಸೊಂಟದಲ್ಲಿ ಕಡಲೆಕಾಯಿ ಸಿಪ್ಪೆ ಉರಿಯುವ ಮಡಕೆ. ಹೊಗೆ ದಾರಿಯಲ್ಲಿ ಸೋರಿಹೋಗದಿರಲೆಂದು ಕೆಲವರು ತಟ್ಟೆ ಮುಚ್ಚಿದ್ದರು. ಎಲ್ಲರಿಗಿಂತ ಮುಂದೆ ಕೊಂಡಮ್ಮ.

"ನಮ್ಮನೇದು ಒಂದಿಷ್ಟು ಅಳೆದ್ಬುಡಪ್ಪ. ಹಸಿ ಸಿಪ್ಪೆ ಹಾಕಿ ಚೆನ್ನಾಗಿ ಎಬ್ಬಿಸ್ಕೊಂಡು ಬಂದಿವ್ನಿ. ಮಿಕ್ಕಿದ್ದು ಇಲ್ಲೇ ಅಕ್ಕನ ಹಿತ್ಲಾಗೆ ಸುರುವಿವ್ನಿ, ಸಾಲ್ದಿದ್ರೆ ತತ್ತೀನಿ."

"ನಂದು ಹುಣಸೆ ಸೌದೆ ಹೊಗೆ ಸಾರೂ, ಅವಳ ಹೊಗೇಗಿಂತ ಗಟ್ಟಿ" ಎಂದಳು ಹಿಂದಿನವಳು.

"ನಿನ್ ಮನ್ಯಾಗೆ ಹುಣಸೆ ಸೌದೆ ಎಲ್ಲೈತೆ? ಸುಳ್ಳು ಹೊಗೆ ತರ್ತೀಯಾ?" ಎಂದು ಕೊಂಡಮ್ಮ ತಿರುಗಿ ನಿಂತಳು.

ಸೂರ್ಯ ಇಳಿಯುತ್ತಿದ್ದ. ಉಳಿದದ್ದು ಒಂದೇ ಹೊತ್ತು. ರಾಮಾಂಜಿಗೆ ಕಣ್ಣ ಮುಂದೆ ಮಾವನ ಜಗಲಿ ಕಂಡಿತು. ಜೀವನದಲ್ಲಿ ಸುಳ್ಳು ಹೇಳಿ ರೂಢಿಯಿಲ್ಲದ ಅವನ ಬಾಯಿಂದ ಸುಳ್ಳು ತಾನಾಗಿಯೇ ಬಂತು.

"ಗ್ಯಾಸೂ ಇಲ್ಲ, ಗೀಸೂ ಇಲ್ಲ ಕಣ್ರಮ್ಮ! ಹೊಗೆ ಜಾಸ್ತಿ ಇರೋ ಮನೆ ಹೆಸರು ಹೋಗೋದು ಆಸ್ಪತ್ರೆಗೆ. ನಾಳೆ ಬಂದು ಮನೆಯೋರಿಗೆಲ್ಲ ಒಂದೊಂದು ಇಂಜೆಕ್ಷನ್ ಕೊಡ್ತಾರೆ."

"ಎಲ್ಲಿಗೆ ಕೊಡ್ತಾರೆ?" ಎಂದು ಯಾರೋ ಕೇಳಿದರು.

"ಸೊಂಟಕ್ಕೆ. ದಪ್ಪ ಸೂಜಿ."

ಬೀದಿ ಖಾಲಿಯಾಯಿತು. ಬಾಂಡಲಿಗಳಿಗೆ ನೀರು ಬಿದ್ದ ಸದ್ದು ಮನೆಮನೆಯಿಂದ ಚೊಯ್ ಚೊಯ್ ಎಂದು ಕೇಳಿತು. ಅಂದು ಸಂಜೆ ನೇಕಾರರ ಬೀದಿಯಲ್ಲಿ ಎರ್ರಮ್ಮನದನ್ನು ಬಿಟ್ಟು ಒಂದು ಒಲೆಯೂ ಹೊತ್ತಲಿಲ್ಲ. ಬೀಡಿ ಸೇದುವವರು ಊರಾಚೆ ಹೋದರು. ದಾಸಣ್ಣ ತನ್ನ ಸ್ಟವ್ವನ್ನೂ ಆರಿಸಿ, ತಣ್ಣಗಿನ ಬನ್ನುಗಳನ್ನು ಮಾರಿ, ಯಾವ ದಿನವೂ ಆಗದಷ್ಟು ವ್ಯಾಪಾರ ಮಾಡಿಕೊಂಡ.

ಆ ನಿಶ್ಶಬ್ದದಲ್ಲಿ ಎರ್ರಮ್ಮ ಮೂರನೆಯ ಸಲ ಒಲೆಯ ಮುಂದೆ ಕೂತಳು. ರಾಮಾಂಜಿ ಒಣ ಸೌದೆಯನ್ನು ತಾನೇ ಆರಿಸಿ ಸಣ್ಣಗೆ ಸೀಳಿಕೊಟ್ಟ. ಹಳೆಯ ಅಂಕಿ ಅಳಿಸಿದ. ಪೆಟ್ಟಿಗೆ ಶುರುಮಾಡಿದ. ಹೊರಗೆ ಬಂದು, ಕಣ್ಣು ಮುಚ್ಚಿಕೊಂಡು, ನಂಬಿಕೆಯಿಲ್ಲದ ಎಲ್ಲ ದೇವರುಗಳನ್ನೂ ಸಾಲಾಗಿ ನೆನೆಸಿಕೊಂಡ.

ಕೊಳವೆಯ ತುದಿಯಿಂದ ತೆಳ್ಳಗೆ, ನೆಟ್ಟಗೆ, ನೂಲೆಳೆದಂತೆ ಹೊಗೆ ಮೇಲಕ್ಕೆ ಹೋಯಿತು.

ತುಂಬ ಹೊತ್ತಿನ ಮೇಲೆ ಒಳಗಿನಿಂದ ಎರ್ರಮ್ಮ ಕರೆದಳು. ಅವನು ಮತ್ತೇನಾಯಿತೋ ಎಂದು ಓಡಿದ. ಏನೂ ಆಗಿರಲಿಲ್ಲ. ಒಲೆ ಧಗಧಗ ಉರಿಯುತ್ತಿತ್ತು, ಹುರುಳಿ ಸಾರು ಕುದಿಯುತ್ತಿತ್ತು, ದೀಪ ಹಸಿರಾಗಿತ್ತು. ಮುದುಕಿ ಕೈಯಲ್ಲಿ ಉಪ್ಪು ಹಿಡಿದುಕೊಂಡು ಬೆರಗಾಗಿ ಕೂತಿದ್ದಳು.

"ಏನಜ್ಜಿ?"

"ಕಾಣ್ತೈತೆ ಕಣಪ್ಪ. ಉಪ್ಪು ಎಷ್ಟು ಹಾಕ್ತಾ ಇವ್ನಿ ಅಂತ ಕಾಣ್ತೈತೆ. ಮದ್ವೆ ಆಗಿ ಬಂದಾಗಿಂದ ಕಣ್ಮುಚ್ಚಿ ಅಂದಾಜಿನ ಮ್ಯಾಗೇ ಹಾಕ್ತಾ ಇದ್ದೆ."

"ಅದು ನಮ್ಮ ನಾಲಿಗೇಗೆ ಗೊತ್ತು" ಎಂದಿತು ಮಗ್ಗದ ಕಡೆಯ ದನಿ.

ಅವಳು ಇಡೀ ಮಾತನ್ನು ಕೆಮ್ಮದೆ ಮುಗಿಸಿದ್ದಳೆಂದು ರಾಮಾಂಜಿಗೆ ಹೊಳೆಯಿತು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ, ತಾನು ಅಳೆಯುತ್ತಿದ್ದುದು ಏನನ್ನು ಎಂದು ಅವನಿಗೆ ಸರಿಯಾಗಿ ಅರ್ಥವಾದಂತಾಯಿತು. ಹೊರಗೆ ಸ್ಕೂಟರ್ ನಿಂತ ಸದ್ದು ಕೇಳಿತು.

ಶಿವಯೋಗಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ಕನ್ನಡಕ ಏರಿಸಿ, ಪೆಟ್ಟಿಗೆಯ ಅಂಕಿಗಳನ್ನು ಒಂದೊಂದಾಗಿ ಹಿಂದೆ ಮುಂದೆ ಮಾಡಿ ನೋಡಿದರು. ಗೋಡೆಗೆ ಮೂಗಿಟ್ಟು ಮೂಸಿದರು.

"ಭೇಷ್ ಕಣಯ್ಯ! ಇಷ್ಟು ಕ್ಲೀನ್ ರೀಡಿಂಗ್ ನಾನು ನೋಡೇ ಇಲ್ಲ. ನನ್ನ ಆಫೀಸಲ್ಲೂ ಇಷ್ಟು ಒಳ್ಳೆ ಗಾಳಿ ಇಲ್ಲ."

ರಾಮಾಂಜಿಯ ಮೈ ಹಗುರವಾಯಿತು. ಬೆಳಗಿನಿಂದ ಮೊದಲ ಬಾರಿಗೆ ಅವನ ಕಾಲುಗಳು ಒಂದೇ ಕಡೆ ನಿಂತವು. "ಹಂಗಾದ್ರೆ ಸಾರ್, ಕಲ್ಯಾಣದುರ್ಗದ್ದು..."

"ಇನ್ನೇನು ಯೋಚನೆ? ಸೋಮವಾರ ಹೊರಡು."

"ಸಾರ್?"

"ಹಿಂದೂಪುರ ಮುಗೀತಲ್ಲಯ್ಯ! ಹೊಗೆ ಇಲ್ಲದ ಊರಲ್ಲಿ ಹೊಗೆ ಅಳೆಯೋನಿಗೆ ಏನು ಕೆಲಸ? ಈ ಮನೇಲಿ ಹೊಗೆ ಉಳಿದಿದ್ರೆ ಒಲೆಗಳನ್ನೆಲ್ಲ ರಿಪೇರಿ ಮಾಡಿಸಿ, ಪ್ರತಿ ಮನೇನೂ ಮತ್ತೆ ಅಳೆಸಬೇಕಿತ್ತು. ಇನ್ನೊಂದು ವರ್ಷ ನಿನ್ನನ್ನ ಇಲ್ಲೇ ಇಟ್ಕೋಬೇಕಾಗ್ತಿತ್ತು. ಆ ತಾಪತ್ರಯ ತಪ್ಪಿಸಿದೆ ನೋಡು."

ಬೆಳಗಿನಿಂದ ತಾನು ಕೈಯಾರೆ ಅಳಿಸಿಹಾಕಿದ ಅಂಕಿಗಳೆಲ್ಲ ರಾಮಾಂಜಿಯ ಕಣ್ಣ ಮುಂದೆ ಮೆರವಣಿಗೆ ಹೋದವು. ಸಾಂಬ್ರಾಣಿಯ ಅಂಕಿ. ಮಡಕೆಯ ಅಂಕಿ. ಮೆಣಸಿನಕಾಯಿಯ ಅಮೋಘವಾದ, ಇಂಪಾಗಿ ಕೂಗುವ ಅಂಕಿ. ಬೀದಿಯ ಹೆಂಗಸರೆಲ್ಲ ಹೊಗೆಯನ್ನು ಮನೆ ಬಾಗಿಲಿಗೇ ತಂದು ಕೊಟ್ಟಿದ್ದರು. ಅವನು ಹೆದರಿಸಿ ಕಳಿಸಿದ್ದ.

ಆದರೆ ಎಲ್ಲ ಮುಗಿದಿರಲಿಲ್ಲ. ಎರ್ರಮ್ಮ ಮುದ್ದೆಗೆ ಎಸರಿಟ್ಟಿದ್ದಳು, ಒಲೆ ಉರಿಯುತ್ತಲೇ ಇತ್ತು, ಪೆಟ್ಟಿಗೆ ಬರೆಯುತ್ತಲೇ ಇತ್ತು.

"ಸಾರ್, ಇನ್ನೂ ಅಡಿಗೆ ಮುಗಿದಿಲ್ಲ. ಈಗಲೇ ಏನೂ ಹೇಳೋಕಾಗಲ್ಲ" ಎಂದವನೇ ರಾಮಾಂಜಿ ಒಲೆಯ ಮುಂದೆ ಕುಕ್ಕರಿಸಿದ. ಒಣ ಸೌದೆಯನ್ನೆಲ್ಲ ಹೊರಕ್ಕೆಳೆದ. ಹಿತ್ತಲಿಗೆ ಓಡಿ, ಕೊಂಡಮ್ಮ ಸುರಿದಿದ್ದ ಹಸಿ ಕಡಲೆಕಾಯಿ ಸಿಪ್ಪೆಯನ್ನು ಎರಡು ಕೈಯಲ್ಲೂ ಬಾಚಿ ತಂದು ಒಲೆಯ ಬಾಯಿಗೆ ತುರುಕಿದ. ಸಾಲದೆಂದು ಅದರ ಮೇಲೊಂದು ಹಸಿ ಬೆರಣಿ ಇಟ್ಟ.

"ಅಯ್ಯೋ, ಹಸೀದು ಕಣಪ್ಪ! ಹೊಗೆ ಬತ್ತದೆ!" ಎಂದು ಎರ್ರಮ್ಮ ಗಾಬರಿಯಾದಳು.

"ಬರ್ಲಿ ಅಜ್ಜಿ, ಬರ್ಲಿ" ಎಂದು ಅವನು ಊದುಕೊಳವೆ ಹಿಡಿದು ಊದಿದ.

ಒಲೆ ಗೊರಗೊರ ಎಂದಿತು. ಬಾಯಿಯ ಅಂಚಿನಿಂದ ಬೂದು ಬಣ್ಣದ ಒಂದೆಳೆ ಹೊರಗೆ ತಲೆಹಾಕಿತು. ರಾಮಾಂಜಿ ಉಸಿರು ಬಿಗಿಹಿಡಿದ. ಅದು ಪೆಟ್ಟಿಗೆಯ ಕಡೆ ಒಂದು ಗೇಣು ಸಾಗಿತು, ಏನೋ ಮರೆತುಬಂದವರಂತೆ ನಿಂತಿತು, ಹಾಗೇ ಹಿಂದಕ್ಕೆ ತಿರುಗಿ ಒಲೆಯೊಳಗೆ ಹೋಗಿ, ಕೊಳವೆ ಹತ್ತಿ, ಹಿಂದೂಪುರದ ಆಕಾಶಕ್ಕೆ ಹೊರಟುಹೋಯಿತು. ಅವನು ಕೆನ್ನೆ ಬಿರಿಯುವಂತೆ ಊದಿದ. ಇನ್ನಷ್ಟು ಸಿಪ್ಪೆ ಹಾಕಿದ. ಒಲೆ ಎಲ್ಲವನ್ನೂ ಮೇಲಕ್ಕೆಳೆದುಕೊಂಡಿತು. ಹಸಿರು ದೀಪ ರೆಪ್ಪೆ ಕೂಡ ಬಡಿಯಲಿಲ್ಲ.

ಶಿವಯೋಗಪ್ಪ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಅವರ ಮುಖದಲ್ಲಿ ಭಕ್ತಿಯಂಥದ್ದೇನೋ ಮೂಡಿತ್ತು.

"ಹಸಿ ಸಿಪ್ಪೆ ಹಾಕಿ ಪರೀಕ್ಷೆ ಮಾಡ್ತಾ ಇದೀಯಾ? ನಾನು ಹೇಳದೇನೇ? ಹಸಿ ಬೆರಣಿಗೂ ಈ ಒಲೆ ಹೊಗೆ ಬಿಡಲ್ಲ ಅಂದ್ರೆ ಇನ್ಯಾರು ಏನು ಕೇಳ್ತಾರೆ?" ಎಂದು ಬಂದು ಅವನ ಭುಜ ತಟ್ಟಿದರು. "ನಿನ್ನಂಥೋನನ್ನ ಸೋಮವಾರದ ತನಕ ಇಲ್ಲಿ ಇಟ್ಕೊಂಡ್ರೆ ಕಲ್ಯಾಣದುರ್ಗದ ಹೆಣ್ಣುಮಕ್ಕಳಿಗೆ ನಾನು ಅನ್ಯಾಯ ಮಾಡಿದಂಗೆ. ನಾಳೆ ಮೊದಲ ಬಸ್ಸಿಗೇ ಹೊರಟುಬಿಡು."

ರಾಮಾಂಜಿ ಊದುಕೊಳವೆಯನ್ನು ನಿಧಾನವಾಗಿ ಕೆಳಗಿಟ್ಟು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಎರ್ರಮ್ಮ ಬಗ್ಗಿ ಅವನ ಮುಖವನ್ನೇ ದಿಟ್ಟಿಸಿದಳು.

"ಅದ್ಯಾಕಪ್ಪ ಕಣ್ಣಾಗೆ ನೀರು?"

"ಹೊಗೆ ಕಣಜ್ಜಿ" ಎಂದ ರಾಮಾಂಜಿ.

ಆ ಅಡಿಗೆಮನೆಯಲ್ಲಿ ಆ ಮಾತನ್ನು ಯಾರೂ ನಂಬಲಿಲ್ಲ.